ಹೊಳೆಯನ್ನೇ ಗೋಡೆ ಮಾಡಿಕೊಂಡವರು

ಮಹಾಬಳೇಶ್ವರದ ಕಡೆ ಮಳೆ ಹಿಡಿಯಿತೆಂದರೆ ಲಿಂಗಸುಗೂರು ತಾಲ್ಲೂಕಿನ ಕೃಷ್ಣೆಯ ದಂಡೆಯವರು ಮುಗಿಲು ನೋಡುವುದಿಲ್ಲ, ಮೊಬೈಲ್ ನೋಡುತ್ತಾರೆ. ಆಲಮಟ್ಟಿಯಿಂದ ಎಷ್ಟು ಬಿಟ್ಟರು, ನಾರಾಯಣಪುರದಲ್ಲಿ ಎಷ್ಟು ಗೇಟ್ ಎತ್ತಿದರು ಎಂಬುದೇ ಆ ದಿನಗಳ ಮಾತು. ಕ್ಯೂಸೆಕ್ ಎಂಬ ಶಬ್ದ ಅಲ್ಲಿನ ಮಕ್ಕಳಿಗೂ ಬಾಯಿಪಾಠ. ಅಂಕಿ ಏರುತ್ತ ಹೋದಂತೆ ಶೀಲಹಳ್ಳಿ ಸೇತುವೆಯ ಮೇಲೆ ನೀರು ಹತ್ತುತ್ತದೆ. ಹಂಚಿನಾಳ, ಯರಗೋಡಿ, ಕಡದರಗಡ್ಡಿ, ಜಲದುರ್ಗಗಳ ನೇರ ದಾರಿ ಕಡಿಯುತ್ತದೆ. ಹಾಲು, ಔಷಧಿ, ಶಾಲೆ, ಹೆರಿಗೆ ಎಲ್ಲಕ್ಕೂ ಸುತ್ತುಬಳಸು. ಮರುದಿನದ ಪತ್ರಿಕೆಯಲ್ಲಿ ಮುಳುಗಿದ ಸೇತುವೆಯ ಚಿತ್ರ ಬರುತ್ತದೆ, ಬ್ಯಾರಿಕೇಡ್ ಪಕ್ಕ ನಿಂತ ಪೊಲೀಸರ ಚಿತ್ರ ಬರುತ್ತದೆ.

ಸುತ್ತ ನೀರು ನಿಂತು ಯಾರೂ ಬರಲಾಗದಂತೆ ಆಗುವುದು ಈಗ ಸಂಕಟ. ಒಂದು ಕಾಲಕ್ಕೆ ಅದೇ ಬೇಕಾಗಿತ್ತು. ಕೃಷ್ಣೆ ಎರಡು ಕವಲಾಗಿ ಒಡೆದು ಮತ್ತೆ ಒಂದಾಗುವ ಈ ನಡುಗಡ್ಡೆಯ ಗುಡ್ಡವನ್ನೇ ಹುಡುಕಿ ಕೋಟೆ ಕಟ್ಟಿದವರು ಲೆಕ್ಕ ಹಾಕಿದ್ದು ಇಷ್ಟೇ: ಕಂದಕ ತೋಡುವ ಕೂಲಿ ಉಳಿಯಿತು, ವರ್ಷಕ್ಕೆ ನಾಲ್ಕು ತಿಂಗಳು ಕಾವಲಿನ ಚಿಂತೆಯೂ ಇಲ್ಲ. ಜಲದುರ್ಗ ಎಂಬ ಹೆಸರಿಗೆ ಟಿಪ್ಪಣಿ ಬೇಕಿಲ್ಲ.

ಸಿಂಧನೂರಿನ ಆರ್.ಎಚ್. ಕ್ಯಾಂಪಿನಿಂದ ಈ ಕೋಟೆಗೆ ಹೊರಟರೆ ಮಸ್ಕಿ, ಲಿಂಗಸುಗೂರು ದಾಟಿ ಉತ್ತರಕ್ಕೆ ತಿರುಗಬೇಕು. ಐದು ದಶಕಗಳ ಹಿಂದೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ನೆಲೆ ಕೊಟ್ಟ ಪುನರ್ವಸತಿ ಕ್ಯಾಂಪುಗಳಿವು. ಇವಕ್ಕೆ ಊರಿನ ಹೆಸರಿಲ್ಲ, ನಂಬರುಗಳಿವೆ. ಭತ್ತದ ಗದ್ದೆ, ಮೀನು, ನವರಾತ್ರಿಗೆ ದುರ್ಗೆಯ ಮೂರ್ತಿ. ಆಚೆ ದಂಡೆ ಕಾಣದಷ್ಟು ಅಗಲದ ನದಿಗಳ ನಾಡಿನಿಂದ ಬಂದವರನ್ನು ತಂದು ಇಳಿಸಿದ್ದು ಮಾತ್ರ ವಿಚಿತ್ರ ಜಾಗದಲ್ಲಿ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ನಕಾಶೆಯಲ್ಲಿ ನೋಡಿದರೆ ಎರಡು ಹೊಳೆಗಳ ಮಡಿಲು. ಕ್ಯಾಂಪಿನಲ್ಲಿ ನಿಂತು ನೋಡಿದರೆ ಒಂದು ಹೊಳೆಯೂ ಕಣ್ಣಿಗೆ ಬೀಳದು. ಕಾಣುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಅದೂ ಸರದಿ ಬಂದಾಗ.

ಎರಡು ಹೊಳೆಗಳ ನಡುವಿನ ಈ ದೋಆಬಿಗಾಗಿ ಎಷ್ಟು ಹೆಣ ಬಿದ್ದವೆಂದು ಯಾರೂ ಎಣಿಸಿಟ್ಟಿಲ್ಲ. ವಿಜಯನಗರ ಹುಟ್ಟಿದ್ದು 1336ರಲ್ಲಿ, ಬಹಮನಿ ರಾಜ್ಯ 1347ರಲ್ಲಿ ಎಂಬುದು ಶಾಲೆಯ ಪಾಠ. ಅಲ್ಲಿಂದ ಇನ್ನೂರು ವರ್ಷ ಇಬ್ಬರೂ ಇದೇ ಎರೆನೆಲದ ಮೇಲೆ ಕುದುರೆ ಓಡಿಸಿದರು. ನೆಲ ಬರೀ ನೆಲವಲ್ಲ. ಹಟ್ಟಿಯಲ್ಲಿ ಹಳೆಗಾಲದವರು ಬಂಗಾರ ಹುಡುಕಿಕೊಂಡು ಆರುನೂರು ಅಡಿಗೂ ಆಳಕ್ಕೆ ಇಳಿದಿದ್ದರು. 1915ರಲ್ಲಿ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಬಂಗಾರದ ಜಾಡು ಅರಸುವಾಗ ಸಿಕ್ಕಿದ್ದು ಅಶೋಕನ ಶಾಸನ. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನ ಅದು. ಬಂಗಾರಕ್ಕೆ ಬಂದವನಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು. ದೋಆಬಿಗೆ ಬಂದ ಬಹಳ ಜನಕ್ಕೆ ಅಷ್ಟು ಅದೃಷ್ಟವಿರಲಿಲ್ಲ.

ಸೀಮೆಯ ದೊಡ್ಡ ಕೋಟೆಗಳೆಂದರೆ ರಾಯಚೂರು ಮತ್ತು ಮುದಗಲ್. ರಾಯಚೂರಿನ ಕೋಟೆಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ದಂಡನಾಯಕ ಗೋರೆ ಗನ್ನಯ್ಯ ರೆಡ್ಡಿಯ ಕಾಲದ್ದು, 1294ರ ಶಾಸನ ಅದರ ಮೇಲಿದೆ. ಆ ಕಲ್ಲನ್ನು ಬಂಡಿಗೆ ಹೇರಿ ಕೋಣಗಳ ಸಾಲಿನಿಂದ ಎಳೆಸಿದ ಚಿತ್ರವನ್ನೂ ಅಲ್ಲಿಯೇ ಕೆತ್ತಿದ್ದಾರೆ. ಬಯಲಿನಲ್ಲಿ ಕೋಟೆ ಕಟ್ಟುವುದೆಂದರೆ ಅಷ್ಟು ಕಷ್ಟ. ಮುದಗಲ್ಲಿನಲ್ಲಿ ಅಗಲವಾದ ಕಂದಕ ತೋಡಿ ನೀರು ನಿಲ್ಲಿಸಿದರು. ಜಲದುರ್ಗದವರಿಗೆ ಕೋಣವೂ ಬೇಕಾಗಲಿಲ್ಲ, ಗುದ್ದಲಿಯೂ ಅಷ್ಟಾಗಿ ಬೇಕಾಗಲಿಲ್ಲ.

ಕೃಷ್ಣೆ ಇಲ್ಲಿ ತನ್ನ ಸ್ವಭಾವಕ್ಕೆ ವಿರುದ್ಧವಾಗಿ ನಡೆಯುತ್ತಾಳೆ. ಬಿಜಾಪುರ, ಬಾಗಲಕೋಟೆಗಳ ಬಯಲಲ್ಲಿ ಅಗಲಗಲವಾಗಿ, ಅವಸರವಿಲ್ಲದೆ ಬಂದವಳು ದಖ್ಖನ್ನಿನ ಮೇಲ್ಮಟ್ಟದಿಂದ ರಾಯಚೂರು ಬಯಲಿಗೆ ಇಳಿಯುವ ಮೆಟ್ಟಿಲು ಇದೇ ಆಸುಪಾಸಿನಲ್ಲಿದೆ. ಮೂರು ಮೈಲಿಯೊಳಗೆ ನಾನೂರು ಅಡಿಗೂ ಹೆಚ್ಚು ಇಳಿತ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿಟ್ಟಿದೆ. ಗ್ರಾನೈಟಿನ ಹಾಸುಗಲ್ಲುಗಳ ಮೇಲೆ ಹಾರುತ್ತ, ಸೀಳುತ್ತ, ಒಂದು ಹೊಳೆ ನಾಲ್ಕಾರು ಹೊಳೆಯಾಗುತ್ತದೆ. ನಡುವೆ ಉಳಿದ ಮಣ್ಣಿನ, ಕಲ್ಲಿನ ದಿಬ್ಬಗಳಿಗೆ ಜನ ‘ಗಡ್ಡಿ’ ಎನ್ನುತ್ತಾರೆ. ಕರಕಲಗಡ್ಡಿ, ಮ್ಯಾದರಗಡ್ಡಿ, ವಂಕಮ್ಮನಗಡ್ಡಿ, ಕಡದರಗಡ್ಡಿ. ಒಂದೊಂದರಲ್ಲೂ ಮನೆಗಳಿವೆ, ಹೊಲಗಳಿವೆ, ಕುರಿಗಳಿವೆ. ಹೊಳೆ ಇಳಿದಾಗ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದಾದಷ್ಟು ಸಾಧು. ಏರಿದಾಗ ಹರಿಗೋಲಿನವನೂ ಕೈಮುಗಿದು ಹಿಂದೆ ಸರಿಯುತ್ತಾನೆ.

ಕೋಟೆ ಏರಿದವರಿಗೆ ಮೊದಲು ಕಾಣುವುದು ಗೋಡೆಯಲ್ಲ, ಹೊಳೆ. ಎರಡೂ ಕಡೆ ಆಳದಲ್ಲಿ ನೀರು, ಬಂಡೆ, ಮತ್ತೆ ನೀರು. ಮುರಿದ ಬುರುಜು, ಬಾಗಿಲು, ಕುರುಚಲು ಗಿಡ, ನೀರಿನ ತೊಟ್ಟಿ. ಶಿಲ್ಪದ ಸೊಗಸು ಹುಡುಕಿ ಬಂದವರಿಗೆ ನಿರಾಸೆಯೇ. ಹಂಪಿಯನ್ನೋ ಬಿಜಾಪುರವನ್ನೋ ನೋಡಿ ಬಂದ ಕಣ್ಣಿಗೆ ಇದು ಬಡಕಲು ಕೋಟೆ. ಆದರೆ ಆಯಕಟ್ಟಿನ ಜಾಗ ಆರಿಸುವ ಬುದ್ಧಿಗೆ ಬಹುಮಾನ ಕೊಡುವುದಾದರೆ ದೋಆಬಿನಲ್ಲಿ ನನ್ನ ಮತ ಜಲದುರ್ಗಕ್ಕೆ. ಮರಣದಂಡನೆಗೆ ಗುರಿಯಾದವರನ್ನು ಇಲ್ಲಿಂದಲೇ ಹೊಳೆಗೆ ನೂಕುತ್ತಿದ್ದರೆಂದು ಊರಿನವರು ಒಂದು ಅಂಚನ್ನು ತೋರಿಸುತ್ತಾರೆ. ಕತೆಗೆ ಕಾಗದಪತ್ರ ಕೇಳುವುದು ದಡ್ಡತನ. ಅಂಚಿಗೆ ನಿಂತು ಕೆಳಗೆ ನೋಡಿದವರಿಗೆ ಆ ಕತೆ ಏಕೆ ಹುಟ್ಟಿತೆಂದು ತಿಳಿಯುತ್ತದೆ.

ದೊರೆಗಳ ಪಟ್ಟಿ ಬೇಗ ಮುಗಿಸಬಹುದು. ಮೊದಲಿಗೆ ದೇವಗಿರಿಯ ಸೇವುಣರ ಹೆಸರು ಹೇಳುತ್ತಾರೆ. ದೆಹಲಿಯ ದಂಡು ಬಂದು ಹೋದ ಮೇಲೆ ಬಹಮನಿಗಳು, ನಡುನಡುವೆ ವಿಜಯನಗರ, ಕೊನೆಗೆ ಗಟ್ಟಿಯಾಗಿ ಕೂತದ್ದು ಬಿಜಾಪುರದ ಆದಿಲಶಾಹಿಗಳು. ಈ ಸೀಮೆಯ ಕೋಟೆಗಳಿಗೆಲ್ಲ ಹೆಚ್ಚುಕಡಿಮೆ ಇದೇ ಪಟ್ಟಿ. ಆದರೆ ಹೊಳೆ ನಡುವೆ ಬಂದಾಗ ಈ ದೊರೆಗಳು ಏನು ಮಾಡಿದರು ಎಂಬ ಕತೆಗಳಿಗೆ ಬೇರೆ ರುಚಿಯಿದೆ. ಅವನ್ನು ಹೇಳಿದವನು ಬಹುತೇಕ ಒಬ್ಬನೇ, ಫೆರಿಶ್ತಾ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ಕೂತು 1600ರ ಆಚೀಚೆ ಬರೆದವನು. ಗೆದ್ದವರ ಕಡೆಯ ಬರಹಗಾರ. ಸುಳ್ಳನ್ನೂ ಸೊಗಸಾಗಿ ಹೇಳಬಲ್ಲವನು, ಆದ್ದರಿಂದ ಅವನನ್ನು ಓದುವಾಗ ಸ್ವಲ್ಪ ಎಚ್ಚರ ಬೇಕು.

ಅವನು ಹೇಳುವ ಒಂದು ಪ್ರಸಂಗ 1398ರ ಸುಮಾರಿನದು. ಕೃಷ್ಣೆ ತುಂಬಿ ಹರಿಯುತ್ತಿದ್ದಾಳೆ. ತೆಂಕಣ ದಂಡೆಯಲ್ಲಿ ವಿಜಯನಗರದ ಎರಡನೇ ಹರಿಹರನ ಸೈನ್ಯ, ಬಡಗಣ ದಂಡೆಯಲ್ಲಿ ಫಿರೋಜ್ ಶಾ ಬಹಮನಿಯ ದಂಡು. ದಾಟುವ ದಾರಿಯಿಲ್ಲ. ಆಗ ಫಿರೋಜನ ಕಡೆಯ ಖಾಜಿ ಸಿರಾಜ್ ಎಂಬವನು ಒಂದಷ್ಟು ಗೆಳೆಯರನ್ನು ಕಟ್ಟಿಕೊಂಡು ಫಕೀರರ ವೇಷದಲ್ಲಿ ಆಚೆ ದಂಡೆಗೆ ಹೋಗುತ್ತಾನೆ. ಪಾಳೆಯದ ನರ್ತಕಿಯರ ಬೀದಿಯಲ್ಲಿ ಒಬ್ಬಳನ್ನು ಮರುಳು ಮಾಡಿ, ತಾನೂ ಕಲಾವಿದನೆಂದು ನಂಬಿಸಿ, ಅವಳ ಜೊತೆ ರಾಜಕುಮಾರನ ಡೇರೆಗೆ ಸೇರುತ್ತಾನೆ. ಹೆಣ್ಣುವೇಷ, ವಿನೋದ, ಕೈಯಲ್ಲಿ ಕುಣಿತಕ್ಕೆಂದು ಬಿಚ್ಚುಗತ್ತಿ. ಕುಣಿಯುತ್ತ ಕುಣಿಯುತ್ತ ರಾಜಕುಮಾರನ ಎದೆಗೆ ಇಳಿಸುತ್ತಾನೆ. ಕತ್ತಲಲ್ಲಿ ಪಾಳೆಯವೆಲ್ಲ ಗೊಂದಲವಾಗಿ, ಕೊಂದವರು ಯಾರು, ಸತ್ತವರು ಯಾರು ಎಂದು ತಿಳಿಯುವಷ್ಟರಲ್ಲಿ ಫಿರೋಜನ ಜನ ಚರ್ಮ ಹೊದಿಸಿದ ಬುಟ್ಟಿಗಳಲ್ಲಿ ಕೂತು ಹೊಳೆ ದಾಟಿದ್ದರು.

ಖಾಜಿಯ ಕತೆ ನಿಜವಿರಬಹುದು, ಇಲ್ಲದಿರಬಹುದು. ಬುಟ್ಟಿಯ ಮಾತು ಮಾತ್ರ ಅಪ್ಪಟ. ಬಿದಿರು ಹೆಣೆದು ಚರ್ಮ ಬಿಗಿದ ಆ ದುಂಡು ಬುಟ್ಟಿಯೇ ನಮ್ಮ ಹರಿಗೋಲು. ಸುಮಾರು 1520ರಲ್ಲಿ ಆನೆಗೊಂದಿಯ ಬಳಿ ಇದನ್ನೇ ನೋಡಿದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್, ಹದಿನೈದಿಪ್ಪತ್ತು ಜನ ಕೂರಬಹುದು, ಎತ್ತು ಕುದುರೆಗಳನ್ನೂ ದಾಟಿಸುತ್ತಾರೆ, ಹುಟ್ಟು ಹಾಕಿದರೆ ಗಿರಗಿರ ತಿರುಗುತ್ತದೆ ಎಂದು ಬೆರಗಾಗಿದ್ದ. ಅವನಿಗಿಂತ ಎರಡು ಸಾವಿರ ವರ್ಷ ಮೊದಲು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕೂಡ ಇಂಥದೇ ದೋಣಿಗೆ ಬೆರಗಾಗಿದ್ದ: ಗುರಾಣಿಯ ಹಾಗೆ ದುಂಡು, ಕಡ್ಡಿಯ ಹಂದರ, ಮೇಲೆ ಚರ್ಮ, ಒಳಗೆ ಸರಕಿನ ಜೊತೆ ಒಂದು ಕತ್ತೆ. ಅವನು ಕಂಡದ್ದು ಯೂಫ್ರೆಟಿಸ್ ನದಿಯಲ್ಲಿ, ಬ್ಯಾಬಿಲೋನಿನ ದಾರಿಯಲ್ಲಿ. ಅರಬರು ಆ ನದಿಯನ್ನು ಫುರಾತ್ ಎನ್ನುತ್ತಾರೆ. ಅದರ ಮಾತು ಮುಂದೆ ಬರುತ್ತದೆ.

ಫೆರಿಶ್ತಾನ ಇನ್ನೊಂದು ಪ್ರಸಂಗ ಮುದಗಲ್ಲಿನ ಅಕ್ಕಸಾಲಿಗನ ಮಗಳದು; ಅವಳನ್ನು ಬಯಸಿ ಒಂದನೇ ದೇವರಾಯ 1406ರಲ್ಲಿ ದಂಡು ಕಳಿಸಿದ, ಸೋತು ತನ್ನ ಮಗಳನ್ನೇ ಫಿರೋಜನಿಗೆ ಕೊಡಬೇಕಾಯಿತು ಎಂಬುದು. ನಾಟಕ, ಸಿನಿಮಾಕ್ಕೆ ಹೇಳಿ ಮಾಡಿಸಿದ ಕತೆ, ಅದಕ್ಕೇ ನನಗೆ ಅನುಮಾನ. ಗಡಿಯ ತೆರಿಗೆಗೆ, ಬಂಕಾಪುರದಂಥ ಕೋಟೆಗೆ ಹೊಡೆದಾಡಿದರು ಎನ್ನುವುದಕ್ಕಿಂತ ಹುಡುಗಿಗಾಗಿ ಹೊಡೆದಾಡಿದರು ಎನ್ನುವುದು ಆಸ್ಥಾನದಲ್ಲಿ ಚೆನ್ನಾಗಿ ಕೇಳಿಸುತ್ತದೆ.

1520ರ ಕತೆ ಇದಕ್ಕಿಂತ ಗಟ್ಟಿ. ರಾಯಚೂರು ಕೋಟೆಗೆ ಕೃಷ್ಣದೇವರಾಯ ಮುತ್ತಿಗೆ ಹಾಕಿದ್ದಾನೆ. ಬಿಜಾಪುರದಿಂದ ಇಸ್ಮಾಯಿಲ್ ಆದಿಲಶಾಹ ಕೃಷ್ಣೆಯ ದಂಡೆಗೆ ಬಂದು ಡೇರೆ ಹಾಕಿದ. ಎಲ್ಲ ಹರಿಗೋಲು ಸಿದ್ಧವಾಗುವವರೆಗೆ ಕಾಯಬೇಕಿತ್ತು. ಫೆರಿಶ್ತಾ ಹೇಳುವಂತೆ ಒಂದು ಸಂಜೆ ಮದ್ಯ ತಲೆಗೇರಿ, ಹೊಳೆ ಆಗಲೇ ದಾಟಬೇಕೆನಿಸಿ, ದೊರೆ ಆನೆ ಹತ್ತಿ ನೀರಿಗಿಳಿದೇಬಿಟ್ಟ. ಹಿಂದೆ ಆನೆಗಳು, ಒಂದಷ್ಟು ಸಾವಿರ ಜನ. ಆಚೆ ದಂಡೆಯಲ್ಲಿ ರಾಯರ ಸೈನ್ಯ ಕಾದಿತ್ತು. ಬೆನ್ನಿಗೆ ಹೊಳೆ. ಹಿಂದಿರುಗುವಾಗ ಕತ್ತಿಗೆ ಬಿದ್ದವರಿಗಿಂತ ನೀರಿಗೆ ಬಿದ್ದವರು ಹೆಚ್ಚು. ಇಸ್ಮಾಯಿಲ್ ಹೇಗೋ ಬದುಕಿದ. ರಾಯಚೂರನ್ನು ಮತ್ತೆ ಗೆಲ್ಲುವವರೆಗೆ ಮದ್ಯ ಮುಟ್ಟುವುದಿಲ್ಲವೆಂದು ಆಣೆ ಇಟ್ಟನಂತೆ.

ಪೋರ್ಚುಗೀಸ್ ಬರಹಗಾರ ನೂನಿಜ್ ಇದೇ ಯುದ್ಧವನ್ನು ರಾಯರ ಕಡೆಯಿಂದ ಹೇಳುತ್ತಾನೆ. ಅವನ ಬರಹದಲ್ಲಿ ಮದ್ಯವಿಲ್ಲ. ತೋಪುಗಳಿವೆ, ಕೋವಿ ಹಿಡಿದ ಕ್ರಿಸ್ತೊವಾವ್ ದ ಫಿಗೆರೇದೊ ಇದ್ದಾನೆ, ನಂಬಲಾಗದಷ್ಟು ದೊಡ್ಡ ಸೈನ್ಯದ ಲೆಕ್ಕವಿದೆ. ಒಂದು ವಿಷಯದಲ್ಲಿ ಇಬ್ಬರೂ ಒಪ್ಪುತ್ತಾರೆ: ಆದಿಲಶಾಹನ ಜನರನ್ನು ಮುಗಿಸಿದ್ದು ಕೃಷ್ಣೆ. ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ. ಮರುವರ್ಷವೇ ಇಸ್ಮಾಯಿಲ್ ರಾಯಚೂರು, ಮುದಗಲ್ಲುಗಳನ್ನು ಹಿಂದಕ್ಕೆ ಪಡೆದ. ಆಣೆ ತೀರಿತು, ಬಟ್ಟಲು ತುಂಬಿತು.

ಈ ಇಸ್ಮಾಯಿಲನ ಅಪ್ಪ ಯೂಸುಫ್ ಆದಿಲಶಾಹ. ಮನೆತನ ಕಟ್ಟಿದವನು. ಅವನು ಹುಟ್ಟಿನಿಂದ ಗುಲಾಮನಲ್ಲ, ತುರ್ಕಿಯ ಆಟೊಮನ್ ಸುಲ್ತಾನ ಎರಡನೇ ಮುರಾದನ ಮಗ, ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರನ್ನು ಕೊಲ್ಲುವ ಪದ್ಧತಿಯಿಂದ ತಾಯಿ ಉಪಾಯವಾಗಿ ಉಳಿಸಿ ಹೊರಗೆ ಕಳಿಸಿದ ಕೂಸು ಎಂದು ಫೆರಿಶ್ತಾ ಬರೆದಿದ್ದಾನೆ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ಆದರೆ ಬಿಜಾಪುರದ ದೊರೆಗಳು ತಮ್ಮ ಬೇರನ್ನು ಎಲ್ಲಿ ಹುಡುಕಿಕೊಂಡರೆಂಬುದು ಇದರಿಂದ ತಿಳಿಯುತ್ತದೆ. ಅದೇ ಬೇರನ್ನು ಹಿಡಿದು ಆಟೊಮನ್ನರ ವಂಶಾವಳಿಯಲ್ಲಿ ಮೇಲಕ್ಕೆ ಹೋದರೆ ಸಿಗುವವನು ಸುಲೇಮಾನ್ ಶಾ, ಮೊದಲ ದೊರೆ ಉಸ್ಮಾನನ ಅಜ್ಜ. ಅವನು ಸತ್ತದ್ದು ಹೇಗೆ? ಫುರಾತ್ ದಾಟುವಾಗ ಮುಳುಗಿ. ಎಲ್ಲಿ? ಸಿರಿಯಾದಲ್ಲಿ, ಒಂದು ಹೊಳೆಕೋಟೆಯ ಬುಡದಲ್ಲಿ. ಆ ಕೋಟೆಯ ಹೆಸರು ಕಲಾತ್ ಜಾಬರ್.

ಜಲದುರ್ಗದ ಮಾತಿನಲ್ಲಿ ಜಾಬರನ ಕೋಟೆಯನ್ನು ಎಳೆದು ತರಲು ಇದಿಷ್ಟೇ ನೆಪ ಸಾಕು. ಎರಡಕ್ಕೂ ಸ್ವಭಾವ ಒಂದೇ. ಫುರಾತಿನ ಎಡದಂಡೆಯ ಗುಡ್ಡದ ತುದಿ, ಕೆಳಗೆ ದಾರಿ, ದಾರಿಯಲ್ಲಿ ವ್ಯಾಪಾರಿಗಳ ಒಂಟೆಸಾಲು. ಹನ್ನೊಂದನೇ ಶತಮಾನದಲ್ಲಿ ಅದನ್ನು ಹಿಡಿದು ಕೂತ ಜಾಬರ್ ಎಂಬ ಅರಬ್ ಸರದಾರನ ಹೆಸರೇ ಕೋಟೆಗೆ ನಿಂತಿತು. ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡಿದ್ದ ಅವನ ಹೆಸರಿನಲ್ಲಿ ಮಕ್ಕಳು ದಾರಿಹೋಕರನ್ನು ದೋಚುತ್ತಿದ್ದರು. 1087ರ ಹೊತ್ತಿಗೆ ಸೆಲ್ಜುಕ್ ಸುಲ್ತಾನ ಮಲಿಕ್ ಶಾ ಬಂದು ಅವರನ್ನು ಮುಗಿಸಿ, ಅಲೆಪ್ಪೊದ ಕೋಟೆ ಬಿಟ್ಟುಕೊಟ್ಟ ಉಕೈಲ್ ಎಂಬ ಅರಬ್ ಬುಡಕಟ್ಟಿನ ದೊರೆಗೆ ಬದಲಿಯಾಗಿ ಈ ಕೋಟೆಯನ್ನು ಕೊಟ್ಟ. ಆ ಮನೆತನ ಬಹುತೇಕ ಎಂಬತ್ತು ವರ್ಷ ಅದನ್ನು ಕೈಯಲ್ಲಿಟ್ಟುಕೊಂಡಿತು. ಸುತ್ತ ತುರ್ಕರು, ಕುರ್ದರು, ಯುರೋಪಿನ ಶಿಲುಬೆ ಯೋಧರು ಒಬ್ಬರನ್ನೊಬ್ಬರು ನುಂಗುತ್ತಿದ್ದರೂ ಹೊಳೆಯ ಮೇಲಿನ ಈ ಸಣ್ಣ ಅರಬ್ ಮನೆ ಉಳಿಯಿತು.

1146ರಲ್ಲಿ ಮೊಸೂಲ್, ಅಲೆಪ್ಪೊಗಳ ಒಡೆಯ ಝಂಗಿ ಮುತ್ತಿಗೆ ಹಾಕಿದ. ಎರಡು ವರ್ಷದ ಹಿಂದಷ್ಟೇ ಎಡೆಸ್ಸಾವನ್ನು ಗೆದ್ದು ಇಡೀ ಯುರೋಪನ್ನು ನಡುಗಿಸಿದ್ದವನು. ಸಂಧಾನಕ್ಕೆ ಹಸ್ಸಾನ್ ಎಂಬ ಸರದಾರನನ್ನು ಕಳಿಸಿದ. ಹಸ್ಸಾನ್ ಕೋಟೆಯ ದೊರೆಯನ್ನು ಕೇಳಿದ: ಈಗ ನಿನ್ನನ್ನು ಝಂಗಿಯ ಕೈಯಿಂದ ಬಿಡಿಸುವವರು ಯಾರು? ದೊರೆ ಹೇಳಿದ: ನಿನ್ನನ್ನು ಬಲಕ್‌ನ ಕೈಯಿಂದ ಬಿಡಿಸಿದವನೇ. ಹಿಂದೆ ಹಸ್ಸಾನನ ಕೋಟೆಗೆ ಬಲಕ್ ಎಂಬವನು ಮುತ್ತಿಗೆ ಹಾಕಿದಾಗ ಎಲ್ಲಿಂದಲೋ ಬಂದ ಬಾಣ ಬಲಕ್‌ನನ್ನು ಕೊಂದಿತ್ತು. ಹಸ್ಸಾನ್ ನಿರುತ್ತರನಾಗಿ ಮರಳಿದ. ಸೆಪ್ಟೆಂಬರ್ 14ರ ರಾತ್ರಿ ಝಂಗಿ ಕುಡಿದು ಮಲಗಿದ್ದ. ಅರೆನಿದ್ದೆಯಲ್ಲಿ ಎದ್ದಾಗ ಗುಲಾಮನೊಬ್ಬ ತನ್ನ ಬಟ್ಟಲಿನ ಉಳಿಕೆ ಕುಡಿಯುತ್ತಿದ್ದುದು ಕಂಡು, ಬೆಳಿಗ್ಗೆ ನೋಡಿಕೊಳ್ಳುತ್ತೇನೆಂದು ಗದರಿ ಮತ್ತೆ ಮಲಗಿದ. ಬೆಳಿಗ್ಗೆಯವರೆಗೆ ಕಾಯುವುದು ಗುಲಾಮನಿಗೆ ಕ್ಷೇಮವೆನಿಸಲಿಲ್ಲ. ಒಡೆಯನನ್ನು ಇರಿದು ಕೋಟೆಯ ಗೋಡೆಯ ಬುಡಕ್ಕೆ ಓಡಿ ಸುದ್ದಿ ಕೂಗಿದ. ಹೊಳೆಕೋಟೆಗಳಿಗೂ ದೊರೆಗಳ ಮದ್ಯಕ್ಕೂ ಏನೋ ನಂಟಿರಬೇಕು.

ಶಸ್ತ್ರಕ್ಕೆ ಬೀಳದ ಕೋಟೆ ಬೇಟೆಗೆ ಬಿತ್ತು. 1168ರಲ್ಲಿ ಅಲ್ಲಿನ ದೊರೆ ಬೇಟೆಗೆ ಹೋದಾಗ ಸೆರೆಸಿಕ್ಕು ಝಂಗಿಯ ಮಗ ನೂರುದ್ದೀನನ ಕೈಸೇರಿದ. ಬೆದರಿಕೆಗೆ ಬಗ್ಗದವನು ಕೊನೆಗೆ ಸಾರೂಜ್ ಎಂಬ ಸಮೃದ್ಧ ಸೀಮೆಯನ್ನೂ ದುಡ್ಡನ್ನೂ ಪಡೆದು ಕೋಟೆ ಬಿಟ್ಟ. ಆಮೇಲೆ ಯಾರೋ ಅವನನ್ನು ಕೇಳಿದರಂತೆ, ಸಾರೂಜ್ ಚೆನ್ನವೋ ಕೋಟೆ ಚೆನ್ನವೋ ಎಂದು. ದುಡ್ಡು ಇಲ್ಲಿ ಹೆಚ್ಚು, ಮರ್ಯಾದೆಯನ್ನು ಅಲ್ಲಿಯೇ ಬಿಟ್ಟು ಬಂದೆವು ಎಂದನಂತೆ. ಅಣೆಕಟ್ಟಿಗೆ ಊರು ಬಿಟ್ಟು ಪರಿಹಾರ ಎಣಿಸಿಕೊಂಡ ಬಾಗಲಕೋಟೆ ಸೀಮೆಯ ಹಿರಿಯರಿಗೆ ಈ ಉತ್ತರ ಹೊಸದಾಗಿ ಕೇಳಿಸಲಿಕ್ಕಿಲ್ಲ.

ಜಾಬರನ ಕೋಟೆಯ ಎದುರು ದಂಡೆಯಲ್ಲೇ 657ರಲ್ಲಿ ಸಿಫ್ಫೀನ್ ಕಾಳಗ ನಡೆದದ್ದು. ಖಲೀಫ ಅಲಿ ಮತ್ತು ಅವರ ಎದುರಾಳಿ ಮುಆವಿಯಾರ ಸೈನ್ಯಗಳ ನಡುವೆ ಮೊದಲ ಜಗಳ ಎದ್ದದ್ದು ಫುರಾತಿನ ನೀರಿಗೆ ಇಳಿಯುವ ಜಾಗಕ್ಕಾಗಿ. ಇಪ್ಪತ್ಮೂರು ವರ್ಷದ ಮೇಲೆ ಅದೇ ಹೊಳೆಯ ಕೆಳಪಾತ್ರದ ಕರ್ಬಲಾದಲ್ಲಿ ಅಲಿಯ ಮಗ ಹುಸೇನರಿಗೂ ಅವರ ಮಕ್ಕಳುಮರಿಗಳಿಗೂ ನೀರು ಸಿಗಲಿಲ್ಲ. ಆ ಬಾಯಾರಿಕೆ ನಮ್ಮ ದೋಆಬಿಗೆ ಗೊತ್ತು. ಮುದಗಲ್ಲಿನ ಮೊಹರಂ ನೋಡಿದವರಿಗೆ ಅದನ್ನು ವಿವರಿಸಬೇಕಿಲ್ಲ: ಕೋಟೆಯ ಹುಸೇನಿ ಆಲಂ, ಅಲಾಯಿ ಕುಣಿಯ ಬೆಂಕಿ, ಸುತ್ತ ಹೆಜ್ಜೆಕುಣಿತ, ಫಕೀರರಾದವರ ಕೊರಳಿನ ಕೆಂಪು ಲಾಡಿ, ಎಡೆಗೆ ಚೊಂಗ್ಯಾ, ಸಕ್ಕರೆ. ಹರಕೆ ಹೊತ್ತವರಲ್ಲಿ ಲಿಂಗಾಯತರು, ಕುರುಬರು, ನಾಯಕರು, ಮಾದಿಗರು ಎಲ್ಲರೂ ಇದ್ದಾರೆ. ಯುದ್ಧ ನಡೆದ ದೇಶ ಯಾವುದೆಂದು ಕೇಳಿದರೆ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ನೀರು ಕೊಡದೆ ಕೊಂದರು ಎಂಬುದು ಎಲ್ಲರಿಗೂ ಗೊತ್ತು. ಆದಿಲಶಾಹಿಗಳಲ್ಲಿ ಯೂಸುಫ್, ಇಸ್ಮಾಯಿಲ್, ಒಂದನೇ ಅಲಿ ಶಿಯಾ ಪಂಥದವರು. ಅವರು ಬಿಟ್ಟುಹೋದ ಬುರುಜುಗಳು ಬಿರುಕು ಬಿಟ್ಟಿವೆ, ಈ ಹಬ್ಬ ಬಿಟ್ಟಿಲ್ಲ. ರಿವಾಯತ್ ಹಾಡುವವರ ಕನ್ನಡವನ್ನು ಕೇಳಬೇಕು. ಕರ್ಬಲಾ ಅಲ್ಲಿ ದೂರದ ಊರಲ್ಲ, ಎರಡು ಹರದಾರಿ ಆಚೆಯ ಊರು.

ಜಲದುರ್ಗದ ಮುಂದಿನ ಶತಮಾನಗಳಲ್ಲಿ ಅಂಥ ಸ್ವಾರಸ್ಯವಿಲ್ಲ. 1565ರ ಜನವರಿ 23ರಂದು ರಕ್ಕಸತಂಗಡಿಯಲ್ಲಿ ವಿಜಯನಗರ ಕುಸಿದ ಮೇಲೆ ಗಡಿಯೇ ದಕ್ಷಿಣಕ್ಕೆ ಸರಿಯಿತು. ಗಡಿ ಸರಿದ ಮೇಲೆ ಗಡಿಕೋಟೆಗೆ ಕೆಲಸ ಕಡಿಮೆ. 1686ರಲ್ಲಿ ಬಿಜಾಪುರ ಔರಂಗಜೇಬನಿಗೆ ಬಿತ್ತು. ಹೊಳೆಯ ಆಚೆ ಸುರಪುರದ ಬೇಡ ನಾಯಕರು ಮಾತ್ರ ಬಾಗಲಿಲ್ಲ. ಎಂಬತ್ತು ದಾಟಿದ ಬಾದಶಹ 1705ರಲ್ಲಿ ಖುದ್ದಾಗಿ ಬಂದು ವಾಗಣಗೇರಿಗೆ ಮುತ್ತಿಗೆ ಹಾಕಬೇಕಾಯಿತು. ಅದೇ ಅವನ ಕಡೆಯ ಮುತ್ತಿಗೆ. ಆಮೇಲೆ ಹೈದರಾಬಾದಿನ ನಿಜಾಮರು. ಇಂಗ್ಲಿಷರ ದಂಡಿನ ಖರ್ಚಿನ ಬಾಕಿಗೆ ನಿಜಾಮ 1853ರಲ್ಲಿ ಇಡೀ ದೋಆ‌ಬನ್ನೇ ಒಪ್ಪಿಸಿದ. 1860ರಲ್ಲಿ ಅದು ಅವನಿಗೆ ಮರಳಿತು. ಲಿಂಗಸುಗೂರು ದಂಡಿನ ಬೀಡಾಗಿತ್ತು, ಕೆಲಕಾಲ ಜಿಲ್ಲಾ ಕೇಂದ್ರವೂ ಆಗಿತ್ತು. ತೋಪು, ರೈಲು, ತಂತಿಗಳ ಕಾಲದಲ್ಲಿ ನಡುಗಡ್ಡೆಯ ಕೋಟೆಯನ್ನು ಯಾರೂ ಮುತ್ತಬೇಕಾಗಿರಲಿಲ್ಲ, ಯಾರೂ ಕಾಯಬೇಕಾಗಿಯೂ ಇರಲಿಲ್ಲ.

ಹೊಳೆಗೆ ಒಡೆಯ ಬಂದದ್ದು ಆಮೇಲೆ. 1982ರಲ್ಲಿ ಸ್ವಲ್ಪ ಮೇಲುಗಡೆ ನಾರಾಯಣಪುರದ ಬಸವಸಾಗರ ಕಟ್ಟೆ ಮುಗಿಯಿತು. ಹತ್ತು ಕಿಲೊಮೀಟರಿಗೂ ಉದ್ದದ ಕಟ್ಟೆ, ಮೂವತ್ತು ಗೇಟು, 33 ಟಿಎಂಸಿ ಅಡಿ ನೀರು. ಅಲ್ಲಿಯವರೆಗೆ ಕೃಷ್ಣೆ ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಎಂಬುದು ಘಟ್ಟದ ಮಳೆಗೂ ಹೊಳೆಗೂ ಬಿಟ್ಟ ಮಾತಾಗಿತ್ತು. ಈಗ ಕಟ್ಟೆಯ ಮೇಲೆ ಗೇಟು ಎತ್ತುವ ಎಂಜಿನಿಯರನೇ ಜಲದುರ್ಗದ ನಿಜವಾದ ಕಿಲ್ಲೇದಾರ. ಕೋಟೆಯ ಬಾಗಿಲು ತೆರೆಯುವುದೂ ಮುಚ್ಚುವುದೂ ಅವನ ಕೈಯಲ್ಲಿದೆ. ಅವನಿಗೆ ಆ ಹುದ್ದೆಯ ಅರಿವಿಲ್ಲ, ಸಂಬಳವೂ ಅದಕ್ಕಲ್ಲ. ಅವನು ನೋಡುವುದು ಒಳಹರಿವು, ಕಟ್ಟೆಯ ಮಟ್ಟ, ಮೇಲಿನವರ ಆದೇಶ. 2019ರ ಆಗಸ್ಟಿನಲ್ಲಿ ಹೊರಹರಿವು ಐದು ಲಕ್ಷ ಕ್ಯೂಸೆಕ್ ದಾಟಿದಾಗ ಗಡ್ಡಿಗಳಲ್ಲಿ ಸಿಕ್ಕಿಕೊಂಡವರನ್ನು ಹೊರತರುವುದೇ ದೊಡ್ಡ ಸಾಹಸವಾಯಿತು.

ಫುರಾತಿನಲ್ಲೂ ಇದೇ ಆಯಿತು, ತಿರುವುಮುರುವಾಗಿ. ಸಿರಿಯಾ ಸರ್ಕಾರ ತಬ್ಕಾ ಎಂಬಲ್ಲಿ 1973ರಲ್ಲಿ ಅಣೆಕಟ್ಟು ಮುಗಿಸಿತು. ಅದರ ಹಿಂದೆ ಅಸದ್ ಸರೋವರ ತುಂಬುತ್ತ ಬಂತು. ಗುಡ್ಡದ ತುದಿಯಲ್ಲಿದ್ದ ಕಲಾತ್ ಜಾಬರ್ ನೀರಿನ ನಡುವೆ ನಿಂತಿತು, ಹೋಗಲು ಒಂದು ಸಣ್ಣ ಏರಿ ಮಾತ್ರ ಉಳಿಯಿತು. ಝಂಗಿಯ ಕಾಲಕ್ಕೆ ಹೊಳೆಯ ಪಕ್ಕದ ಕೋಟೆಯಾಗಿದ್ದದ್ದು ಎಂಟುನೂರು ವರ್ಷದ ಮೇಲೆ ನಿಜವಾದ ಜಲದುರ್ಗವಾಯಿತು. ಜಲದುರ್ಗವಿರುವುದು ಕಟ್ಟೆಯ ಕೆಳಗೆ, ಅದಕ್ಕೆ ಗೇಟು ತೆರೆದಾಗ ಮಾತ್ರ ಹಳೆಯ ವೈಭವ.

ಸುಲೇಮಾನ್ ಶಾನ ಗೋರಿಯ ಗತಿ? ಅದು ಜಾಬರನ ಕೋಟೆಯ ಬುಡದಲ್ಲೇ ಇತ್ತು. ಅವನು ಅಲ್ಲಿ ಮುಳುಗಿದ್ದು ನಿಜವೇ ಅಥವಾ ಅದೇ ಹೆಸರಿನ ಇನ್ನೊಬ್ಬ ಸರದಾರನ ಸಾವು ಅವನ ಹೆಸರಿಗೆ ಅಂಟಿತೇ ಎಂದು ವಿದ್ವಾಂಸರು ಅನುಮಾನಿಸುತ್ತಾರೆ. ಆದರೂ 1921ರಲ್ಲಿ ಫ್ರಾನ್ಸ್ ಮತ್ತು ಅಂಕಾರಾದ ತುರ್ಕಿ ಸರ್ಕಾರಗಳು ಮಾಡಿಕೊಂಡ ಒಪ್ಪಂದದಲ್ಲಿ ಆ ಗೋರಿ ತುರ್ಕಿಯದೆಂದು ಬರೆದರು. ಪರದೇಶದ ನಡುವೆ ತನ್ನದೇ ಕಾವಲುಗಾರರು, ತನ್ನದೇ ಬಾವುಟ. ಸರೋವರ ಬಂದಾಗ ಅದನ್ನು ಎಬ್ಬಿಸಿ ಮೇಲುಗಡೆ ಒಯ್ದರು. 2015ರಲ್ಲಿ ಸಿರಿಯಾದ ಯುದ್ಧದ ನಡುವೆ ತುರ್ಕಿಯ ಸೈನ್ಯ ಟ್ಯಾಂಕುಗಳೊಂದಿಗೆ ಬಂದು ಮತ್ತೊಮ್ಮೆ ಎಬ್ಬಿಸಿ ಗಡಿಯ ಹತ್ತಿರಕ್ಕೆ ಸಾಗಿಸಿತು.

ಸತ್ತವನೊಬ್ಬನಿಗೆ ಎರಡು ಬಾರಿ ಪುನರ್ವಸತಿ, ಒಂದು ದಿನವೂ ತಪ್ಪದ ಪೌರತ್ವ. ಆರ್.ಎಚ್. ಕ್ಯಾಂಪಿನವರಿಗೆ ಹೀಗಾಗಲಿಲ್ಲ. ನೆಲ ಉತ್ತರು, ಮಕ್ಕಳು ಕನ್ನಡ ಶಾಲೆಗೆ ಹೋದರು, ಸಿಂಧನೂರಿನ ಸಂತೆಯಲ್ಲಿ ಇಲ್ಲಿಯವರೇ ಆದರು. ಆದರೆ ಪೌರತ್ವದ ಕಾಗದಕ್ಕಾಗಿ ಹಲವು ಮನೆಗಳು ದಶಕಗಟ್ಟಲೆ ಅಲೆದವು. ತಿದ್ದುಪಡಿಯಾದ ಪೌರತ್ವ ಕಾಯ್ದೆಯಡಿ ಕ್ಯಾಂಪಿನ ಕೆಲವೇ ಕೆಲವರ ಕೈಗೆ ಪ್ರಮಾಣಪತ್ರ ಬಂದದ್ದು 2024ರಲ್ಲಿ.

ಗಡ್ಡಿಗಳವರನ್ನೂ ಎಬ್ಬಿಸಿ ಬೇರೆಡೆ ಕೂರಿಸುವ ಮಾತು ಪ್ರತಿ ಪ್ರವಾಹದ ಜೊತೆ ಏರಿ, ಪ್ರವಾಹದ ಜೊತೆ ಇಳಿಯುತ್ತದೆ. ಅಧಿಕಾರಿಗಳು ದೋಣಿಯಲ್ಲಿ ಬರುತ್ತಾರೆ, ಪಟ್ಟಿ ಮಾಡುತ್ತಾರೆ. ಗಡ್ಡಿಯವರ ಲೆಕ್ಕ ಬೇರೆ. ಹೊಳೆ ತಂದು ಹಾಕಿದ ಮೆಕ್ಕಲು ಮಣ್ಣಿನ ಹೊಲ ಅಲ್ಲಿದೆ, ಬಾವಿ ಅಲ್ಲಿದೆ, ದೇವರು ಅಲ್ಲಿದೆ. ಮನೆಯನ್ನು ಲಾರಿಯಲ್ಲಿ ಹೇರಬಹುದು, ಹೊಲವನ್ನು ಹೇರಲಾಗದು. ಬೇಕಾಗಿರುವುದು ಹೊಳೆ ಬಂದಾಗ ಮುಳುಗದಷ್ಟು ಎತ್ತರದ ಸೇತುವೆ. ಕೋಟೆ ಕಟ್ಟಿಸಿದ ಯಾವ ದೊರೆಯೂ ಇಲ್ಲಿಗೆ ಸೇತುವೆ ಕಟ್ಟುವ ಯೋಚನೆ ಮಾಡಲಿಲ್ಲ, ಅವರಿಗೆ ಅದು ಬೇಕಾಗಿರಲಿಲ್ಲ. ಈಗಿನವರಿಗೆ ಆ ನೆಪವಿಲ್ಲ.